ಬಣ್ಣ ಆಮೇಲೆ, ಮೊದಲು ನಡಿಗೆ: ‘ದೇ ಶಲ್ ನಾಟ್ ಗ್ರೋ ಓಲ್ಡ್’ ಸಾಕ್ಷ್ಯಚಿತ್ರದ ವಿಮರ್ಶೆ

ಮೊದಲ ಮಹಾಯುದ್ಧದ ಯಾವುದಾದರೂ ಹಳೆಯ ರೀಲನ್ನು ನೆನಪಿಗೆ ತಂದುಕೊಳ್ಳಿ. ಸೈನಿಕರು ಕೀಲಿ ಕೊಟ್ಟ ಗೊಂಬೆಗಳಂತೆ ಪುಟುಪುಟು ನಡೆಯುತ್ತಾರೆ, ಕುದುರೆಗಳು ನೆಲ ಮುಟ್ಟಿಯೂ ಮುಟ್ಟದಂತೆ ಓಡುತ್ತವೆ, ಗಾಯಾಳುವನ್ನು ಹೊತ್ತವರು ಕೂಡ ಸಂತೆಗೆ ಹೊತ್ತು ಮೀರಿತೆಂಬಂತೆ ದಡಬಡಿಸುತ್ತಾರೆ. ನೋಡುವವರಿಗೆ ನಗು ಬರುತ್ತದೆ, ಆಮೇಲೆ ನಕ್ಕಿದ್ದಕ್ಕೆ ಮುಜುಗರವಾಗುತ್ತದೆ. ಆ ಜನ ನಿಜಕ್ಕೂ ಹಾಗೆ ನಡೆಯುತ್ತಿರಲಿಲ್ಲವಲ್ಲ. ರೀಲನ್ನು ತೆಗೆದ ವೇಗ ಒಂದು, ಓಡಿಸುತ್ತಿರುವ ವೇಗ ಇನ್ನೊಂದು. ನ್ಯೂಜಿಲೆಂಡಿನ ಸಿನಿಮಾ ನಿರ್ದೇಶಕ ಪೀಟರ್ ಜಾಕ್ಸನ್ 2018ರಲ್ಲಿ ಹೊರತಂದ ಈ ಸಾಕ್ಷ್ಯಚಿತ್ರ ಮಾಡಿದ ಅತಿ ದೊಡ್ಡ ಕೆಲಸವೆಂದರೆ ಆ ವೇಗವನ್ನು ಸರಿಪಡಿಸಿದ್ದು. ಪ್ರಚಾರದಲ್ಲಿ ಮೆರೆದದ್ದು ಮಾತ್ರ ಬಣ್ಣ. ನೋಡಿ ಮುಗಿಸಿದ ಮೇಲೆ ಮನಸ್ಸಿನಲ್ಲಿ ಉಳಿಯುವುದು ನಡಿಗೆ. ಅನುಮಾನ ಉಳಿಯುವುದು ಬಣ್ಣದ ಬಗ್ಗೆ.

ಮೊದಲು ಇದು ಏನು, ಎತ್ತ ಎಂದು ಹೇಳಿಬಿಡೋಣ. ಯುದ್ಧಕ್ಕೆ ನೂರು ವರ್ಷ ತುಂಬಿದ ಸಂದರ್ಭದಲ್ಲಿ ಲಂಡನ್ನಿನ ಇಂಪೀರಿಯಲ್ ವಾರ್ ಮ್ಯೂಸಿಯಂ ಮತ್ತು ‘14-18 ನೌ’ ಎಂಬ ಸಂಸ್ಥೆ ಸೇರಿ ಮಾಡಿಸಿದ ಚಿತ್ರ. ಉದ್ದ 99 ನಿಮಿಷ. 2018ರ ಅಕ್ಟೋಬರಿನಲ್ಲಿ ಲಂಡನ್ ಚಿತ್ರೋತ್ಸವದಲ್ಲಿ ಮೊದಲ ಪ್ರದರ್ಶನ, ನವೆಂಬರ್ 11ರಂದು, ಎಂದರೆ ಕದನವಿರಾಮಕ್ಕೆ ಸರಿಯಾಗಿ ನೂರು ವರ್ಷವಾದ ದಿನ, ಬಿಬಿಸಿಯಲ್ಲಿ ಪ್ರಸಾರ. ಮ್ಯೂಸಿಯಂ ಕೊಟ್ಟ ಕಚ್ಚಾ ಸಾಮಗ್ರಿ ಸುಮಾರು 100 ಗಂಟೆಯ ಮೂಕ ದೃಶ್ಯ ಮತ್ತು ಸುಮಾರು 600 ಗಂಟೆಯ ಧ್ವನಿಮುದ್ರಣ. ಧ್ವನಿ ಯುದ್ಧಕಾಲದ್ದಲ್ಲ. 1964ರಲ್ಲಿ ಬಿಬಿಸಿ ತನ್ನ 26 ಕಂತಿನ ಸರಣಿಗಾಗಿ, ಆಮೇಲೆ ಮ್ಯೂಸಿಯಂ ತನ್ನ ಸಂಗ್ರಹಕ್ಕಾಗಿ, ಬದುಕುಳಿದಿದ್ದ ಯೋಧರನ್ನು ಕೂರಿಸಿ ಮಾತನಾಡಿಸಿದ್ದು. ಸುಮಾರು 200 ಮಂದಿಯ ಮಾತುಗಳಲ್ಲಿ 120 ಮಂದಿಯದು ಚಿತ್ರದಲ್ಲಿ ಕೇಳುತ್ತದೆ. ನಿರೂಪಕರಿಲ್ಲ, ಇತಿಹಾಸಕಾರರು ಬಂದು ಕೂರುವುದಿಲ್ಲ, ನಕಾಶೆ ಇಲ್ಲ, ಇಸವಿ ಇಲ್ಲ, ಊರಿನ ಹೆಸರಿಲ್ಲ.

‘ಅವರಿಗೆ ಮುಪ್ಪು ಬಾರದು’ ಎಂಬರ್ಥದ ಹೆಸರಿನ ಬಗ್ಗೆ ಒಂದು ಮಾತು. ಇಂಗ್ಲಿಷ್ ಕವಿ ಲಾರೆನ್ಸ್ ಬಿನ್ಯನ್ ಯುದ್ಧ ಶುರುವಾದ ಎರಡೇ ತಿಂಗಳಿಗೆ, 1914ರ ಸೆಪ್ಟೆಂಬರಿನಲ್ಲಿ, ಪ್ರಕಟಿಸಿದ ಕವಿತೆಯ ಸಾಲಿನಿಂದ ಅದನ್ನು ಎತ್ತಿಕೊಂಡಿದ್ದಾರೆ. ಕವಿತೆಯಲ್ಲಿ ‘ನಾಟ್’ ಬರುವುದು ‘ಗ್ರೋ’ ಆದ ಮೇಲೆ. ಚಿತ್ರದಲ್ಲಿ ಅದು ಮುಂದಕ್ಕೆ ಸರಿದಿದೆ. ಬಹಳ ಜನ ತಪ್ಪಾಗಿ ಉಚ್ಚರಿಸುವುದು ಹೀಗೆಯೇ ಆದ್ದರಿಂದ ಯಾರಿಗೂ ಕಿವಿಗೆ ಕಲ್ಲು ಸಿಕ್ಕಿದಂತಾಗಿಲ್ಲ.

ಈಗ ವೇಗದ ವಿಷಯ. ಆ ಕಾಲದ ಕ್ಯಾಮೆರಾ ಮುಕ್ಕಾಲು ಪಾಲು ಕೈಯಿಂದ ತಿರುಗಿಸುವಂಥದ್ದು. ಹಿಡಿಕೆ ಒಂದು ಸುತ್ತು ತಿರುಗಿದರೆ 8 ಫ್ರೇಮು, ಎಂದರೆ 8 ಬಿಡಿ ಚಿತ್ರ, ಸರಿಯುತ್ತದೆ. ಸೆಕೆಂಡಿಗೆ ಎರಡು ಸುತ್ತು ಹಾಕಿದರೆ 16. ಇದು ಪುಸ್ತಕದ ಲೆಕ್ಕ. ಮಬ್ಬು ಬೆಳಕಿದ್ದರೆ ಫಿಲ್ಮಿಗೆ ಹೆಚ್ಚು ಬೆಳಕು ಕುಡಿಸಲು ನಿಧಾನ ತಿರುಗಿಸುತ್ತಿದ್ದರು. ಹತ್ತಿರದಲ್ಲಿ ಗುಂಡು ಬಿದ್ದರೆ ಕೈ ತಾನಾಗಿಯೇ ಲಯ ತಪ್ಪುತ್ತಿತ್ತು. ಹಾಗಾಗಿ ಸಂಗ್ರಹದಲ್ಲಿರುವ ರೀಲುಗಳು ಸೆಕೆಂಡಿಗೆ 10ರಿಂದ 18 ಫ್ರೇಮಿನವರೆಗೆ ಒಂದೊಂದು ಒಂದೊಂದು ಥರ. ಇವನ್ನೆಲ್ಲ ಸಾರಾಸಗಟಾಗಿ 24ರಲ್ಲಿ ಓಡಿಸಿದರೆ ಕುಣಿತ ಶುರು.

ಎಷ್ಟು ಕೆಟ್ಟಿದೆಯೆಂದು ಗಡಿಯಾರ ಹಿಡಿದು ನೀವೇ ಅಳೆಯಬಹುದು. ಬ್ರಿಟಿಷ್ ಕಾಲಾಳು ದಳದ ಮಾಮೂಲು ಕವಾಯತು ನಡಿಗೆ ನಿಮಿಷಕ್ಕೆ 120 ಹೆಜ್ಜೆ, ಸೆಕೆಂಡಿಗೆ ಎರಡು. ರೈಫಲ್ ರೆಜಿಮೆಂಟುಗಳದ್ದು ತುಸು ಚುರುಕು, 140. ಯೂಟ್ಯೂಬಿನಲ್ಲಿ ಸಿಗುವ ಯಾವುದೇ ತುಣುಕಿನಲ್ಲಿ ಸಾಲಾಗಿ ಹೋಗುವ ಒಂದು ತುಕಡಿಯನ್ನು ಹಿಡಿದು 15 ಸೆಕೆಂಡಿನ ಹೆಜ್ಜೆ ಎಣಿಸಿ. 30ರ ಆಸುಪಾಸು ಬಂದರೆ ವೇಗ ಸರಿ. ಸೆಕೆಂಡಿಗೆ 13 ಫ್ರೇಮಿನಲ್ಲಿ ತೆಗೆದದ್ದನ್ನು 24ರಲ್ಲಿ ಓಡಿಸಿದ್ದರೆ 55 ಬರುತ್ತದೆ, ಎಂದರೆ ನಿಮಿಷಕ್ಕೆ 220 ದಾಟುತ್ತದೆ. ಹೊರೆ ಹೊತ್ತ ಸೈನಿಕ ಬಿಡಿ, ಬರಿಗೈಯವನೂ ಹಾಗೆ ನಡೆಯಲಾರ. ಟಿವಿಯವರು ಹಿಂದೆ ಮಾಡುತ್ತಿದ್ದ ಅಗ್ಗದ ಮದ್ದು ಎಂದರೆ ಒಂದು ಬಿಟ್ಟು ಒಂದು ಫ್ರೇಮನ್ನು ಎರಡು ಸಲ ತೋರಿಸುವುದು: 16 ಹೋಗಿ 24 ಆಗುತ್ತದೆ, ಆದರೆ ನಡಿಗೆ ಕುಂಟುತ್ತದೆ.

ಜಾಕ್ಸನ್ ತಂಡ ಹಿಡಿದ ದಾರಿ ಕಷ್ಟದ್ದು. ಒಂದೊಂದು ದೃಶ್ಯಕ್ಕೂ ಅದರ ಮೂಲ ವೇಗ ಎಷ್ಟಿರಬಹುದೆಂದು ನೋಡಿ ನೋಡಿ ಅಂದಾಜಿಸುವುದು, ಬಳಿಕ ಇಲ್ಲದ ಫ್ರೇಮುಗಳನ್ನು ಕಂಪ್ಯೂಟರಿನಲ್ಲಿ ಹುಟ್ಟಿಸುವುದು. 13 ಫ್ರೇಮಿನ ದೃಶ್ಯವಾದರೆ ಪ್ರತಿ ಸೆಕೆಂಡಿನಲ್ಲಿ ಹೆಚ್ಚುಕಡಿಮೆ ಅರ್ಧಭಾಗ ಯಾವ ಕ್ಯಾಮೆರಾವೂ ಕಾಣದ ಚಿತ್ರ. ಇದು ತಿಳಿದಿದ್ದರೂ ನೋಡುವಾಗ ನಂಬಿಕೆ ಕದಲುವುದಿಲ್ಲ, ಏಕೆಂದರೆ ಕಣ್ಣಿಗೆ ಮನುಷ್ಯರ ನಡಿಗೆ ಗೊತ್ತು. ಭಾರ ಕಾಣಿಸುತ್ತದೆ: ಕೆಸರಿನಿಂದ ಬೂಟು ಕಿತ್ತುಕೊಳ್ಳುವಾಗಿನ ತಡ, ಚೀಲ ಇಳಿಸಿದವನ ಹೆಗಲು ಏರುವ ರೀತಿ, ಕ್ಯಾಮೆರಾ ಕಂಡ ಹುಡುಗ ಪಕ್ಕದವನನ್ನು ಮೊಣಕೈಯಲ್ಲಿ ತಿವಿದು ನಗುವುದು. ಹಳೆಯ ಪ್ರತಿಗಳಲ್ಲಿ ಈ ನಗು ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿದುಹೋಗುತ್ತಿತ್ತು.

ಎಲ್ಲಿ ಕೈಕೊಡುತ್ತದೆ? ಒಂದರ ಮುಂದೆ ಒಂದು ಹಾಯುವ ಕಡೆ. ಎರಡು ಫ್ರೇಮಿನಲ್ಲಿ ಒಂದೇ ಬಿಂದುವನ್ನು ಗುರುತಿಸಿ ಅದನ್ನು ನಡುವೆ ಇಡುವುದು ಕಂಪ್ಯೂಟರಿನ ವಿಧಾನ. ಎಡಗಾಲು ಬಲಗಾಲನ್ನು ಮರೆಮಾಡಿದರೆ, ಗಾಡಿಚಕ್ರದ ಅರಗಳು ಒಂದೇ ಥರ ಇದ್ದರೆ, ಹೊಗೆ ರೂಪ ಬದಲಿಸುತ್ತಿದ್ದರೆ ಜೋಡಿ ಬಿಂದು ಸಿಗುವುದಿಲ್ಲ. ಆಗ ಅಂಚುಗಳು ರಬ್ಬರಿನಂತೆ ಎಳೆದಾಡುತ್ತವೆ, ಬೆರಳುಗಳು ಕರಗಿ ಕೂಡುತ್ತವೆ. ತೀರ ಹತ್ತಿರದ ಕೆಲವು ಮುಖಗಳಲ್ಲಿ ಮೇಣದ ನುಣುಪು ಇದೆ; ಇದಕ್ಕೆ ಕಾರಣ ಬೇರೆ. ಪ್ರತಿಯ ಪ್ರತಿಯ ಪ್ರತಿಯಾಗಿ ಉಳಿದ ರೀಲಿನಲ್ಲಿ ಕಾಳು ಕಾಳಾಗಿ ಕಾಣುವ ಫಿಲ್ಮಿನ ಹುಡಿ ದಪ್ಪಗಿರುತ್ತದೆ. ಅದನ್ನು ಒರೆಸುವಾಗ ಚರ್ಮದ ರಂಧ್ರ, ಸುಕ್ಕು, ಮೊಡವೆ ಕೂಡ ಅದರ ಜೊತೆಗೇ ಹೋಗುತ್ತವೆ.

ಇನ್ನು ಬಣ್ಣ. ಸುಮಾರು 25 ನಿಮಿಷ ಚಿತ್ರ ಪರದೆಯ ನಡುವೆ ಸಣ್ಣ ಚೌಕದಲ್ಲಿ, ಕಪ್ಪುಬಿಳುಪಿನಲ್ಲಿ ಓಡುತ್ತದೆ. ಹುಡುಗರು ಸೇನೆ ಸೇರುತ್ತಾರೆ, ತರಬೇತಿ ಪಡೆಯುತ್ತಾರೆ, ಹಡಗು ಹತ್ತುತ್ತಾರೆ. ರಣರಂಗದ ಅಂಚಿಗೆ ಬಂದು ನಿಂತಾಗ ಚೌಕ ಮೆಲ್ಲಗೆ ಅಗಲವಾಗಿ, ಬಣ್ಣ ತುಂಬಿ, ಸದ್ದು ಬರುತ್ತದೆ. ಸಿನಿಮಾ ಕಟ್ಟುವ ಕೈಚಳಕವೆಂದರೆ ಇದು. ಅದರ ಪರಿಣಾಮದ ಬಗ್ಗೆ ತಕರಾರಿಲ್ಲ. ತಕರಾರಿರುವುದು ಅದನ್ನು ‘ಮರಳಿ ತಂದದ್ದು’ ಎಂದು ಕರೆಯುವುದಕ್ಕೆ. ವೇಗ ರೀಲಿನೊಳಗೆ ಅಡಗಿತ್ತು, ತೆಗೆದರು. ಬಣ್ಣ ರೀಲಿನಲ್ಲಿ ಇರಲೇ ಇಲ್ಲ.

ಅಂದಿನ ಮಾಮೂಲು ಕಪ್ಪುಬಿಳುಪು ಫಿಲ್ಮು, ಆರ್ಥೋಕ್ರೊಮ್ಯಾಟಿಕ್ ಎನ್ನುತ್ತಾರೆ, ನೀಲಿ ಮತ್ತು ಹಸಿರಿಗೆ ಸ್ಪಂದಿಸುತ್ತಿತ್ತು, ಕೆಂಪಿಗೆ ಕುರುಡು. ನೀಲಿ ಆಕಾಶ ಬಿಳಿ ಹಾಳೆಯಾಗುತ್ತದೆ. ರಕ್ತ, ತುಟಿ, ಬಿಸಿಲಿಗೆ ಕೆಂಪಾದ ಕೆನ್ನೆ ಎಲ್ಲ ಕಪ್ಪಿಗೆ ತಿರುಗುತ್ತವೆ. ಒಂದು ಬೂದುಬಣ್ಣದ ಕಲೆ ಕಡುಹಸಿರೋ, ಕಂದೋ, ಕೆಂಪೋ ಎಂದು ಆ ಫ್ರೇಮು ಹೇಳಲಾರದು. ಬಟ್ಟೆಯ ಮೇಲಿನ ಕಪ್ಪುಕಲೆ ಕೆಸರೋ ನೆತ್ತರೋ ಎಂಬುದನ್ನು ಬಣ್ಣ ಹಚ್ಚುವವರೇ ತೀರ್ಮಾನಿಸಬೇಕು. ಸಮವಸ್ತ್ರದ ವಿಷಯದಲ್ಲಿ ತೀರ್ಮಾನಕ್ಕೆ ಆಧಾರ ಗಟ್ಟಿಯಾಗಿದೆ: ಜಾಕ್ಸನ್ ಬಳಿ ಆ ಕಾಲದ ಅಸಲಿ ಉಡುಪುಗಳ ಸ್ವಂತ ಸಂಗ್ರಹವೇ ಇದೆ, ಬಟ್ಟೆಯನ್ನು ಕಣ್ಣೆದುರು ಇಟ್ಟುಕೊಂಡು ಖಾಕಿ ಹೊಂದಿಸಿದ್ದಾರೆ. (ಧೂಳಿನ ಬಣ್ಣ ಎಂಬ ಅರ್ಥದ ಈ ಪದ ಬ್ರಿಟಿಷ್ ಸೇನೆಗೆ ಹೋದದ್ದೇ ಭಾರತದಿಂದ. ಆದರೆ ಫ್ರಾನ್ಸಿನ ಚಳಿಯಲ್ಲಿ ತೊಟ್ಟ ಉಣ್ಣೆಯ ಖಾಕಿ ನಮ್ಮ ಪೊಲೀಸರ ಖಾಕಿಯಲ್ಲ. ಹಸಿರು ಬೆರೆತ ಕಂದು.) ಹುಲ್ಲು, ಇಟ್ಟಿಗೆ, ಕಣ್ಣಿನ ಬಣ್ಣದ ವಿಷಯಕ್ಕೆ ಬಂದರೆ ಆಧಾರ ಸಡಿಲವಾಗುತ್ತ ಹೋಗುತ್ತದೆ. ಎಲ್ಲ ಕೆನ್ನೆಗಳಿಗೂ ಒಂದೇ ಗುಲಾಬಿ ಬಳಿದಂತೆ ಕಾಣುವ ದೃಶ್ಯಗಳಿವೆ.

ಅಗಲ ಪರದೆಯ ಬೆಲೆಯನ್ನೂ ಯಾರೂ ಹೇಳುವುದಿಲ್ಲ. ಮೂಲ ಚೌಕಟ್ಟಿನ ಅಳತೆ 4ಕ್ಕೆ 3. ಅದನ್ನು ಇಂದಿನ ಅಗಲ ಪರದೆಗೆ ತುಂಬಿಸಬೇಕಾದರೆ ಮೇಲಿನಿಂದ, ಕೆಳಗಿನಿಂದ ಒಟ್ಟು ಕಾಲುಭಾಗ ಕತ್ತರಿಸಬೇಕು. ಅಂದಿನ ಕ್ಯಾಮೆರಾಮನ್ ಎತ್ತರವನ್ನು ಬಳಸಿಕೊಳ್ಳುತ್ತಿದ್ದ: ಮೇಲೆ ಖಾಲಿ ಆಕಾಶ, ಕೆಳಗೆ ಕಂದಕದ ಆಳ. ಕತ್ತರಿಸಿದಾಗ ಮುಖಗಳು ಹತ್ತಿರ ಬರುತ್ತವೆ, ಸ್ಥಳ ದೂರ ಹೋಗುತ್ತದೆ. ಸೈನಿಕ ಎಷ್ಟು ಆಳದಲ್ಲಿ ನಿಂತಿದ್ದಾನೆಂದು ತಿಳಿಯುವುದಿಲ್ಲ. ಇಷ್ಟೊಂದು ಜೋಪಾನ ಮಾಡಿದವರು ಇಲ್ಲಿ ಇಷ್ಟು ಉದಾರವಾಗಿ ಕತ್ತರಿ ಆಡಿಸಿದ್ದು ಬೇಸರದ ಸಂಗತಿ. ಚಿತ್ರಮಂದಿರಗಳಲ್ಲಿ 3ಡಿ ಆವೃತ್ತಿಯೂ ಓಡಿತ್ತು. ಒಂದೇ ಲೆನ್ಸಿನಲ್ಲಿ ತೆಗೆದದ್ದಕ್ಕೆ ಆಳವನ್ನು ಕಂಪ್ಯೂಟರಿನಲ್ಲಿ ಕಲ್ಪಿಸಿದ್ದಷ್ಟೆ. ಮನೆಯಲ್ಲಿ ನೋಡುವವರು ಅದರ ಗೊಡವೆಗೆ ಹೋಗಬೇಕಾಗಿಲ್ಲ.

ಸದ್ದಿನ ಕೆಲಸ ಕೌತುಕದ್ದು. ಮೂಕಚಿತ್ರದಲ್ಲಿ ಬಾಯಾಡಿಸುವವರು ಏನು ಹೇಳುತ್ತಿದ್ದಾರೆಂದು ತಿಳಿಯಲು ತುಟಿ ಓದುವ ನುರಿತವರನ್ನು ಕರೆಸಿದರು. ಟೊಪ್ಪಿ ಮತ್ತು ಹೆಗಲಿನ ಬಿಲ್ಲೆ ನೋಡಿ ರೆಜಿಮೆಂಟ್ ಯಾವುದು, ಆ ರೆಜಿಮೆಂಟಿಗೆ ಜನ ಸೇರುತ್ತಿದ್ದದ್ದು ಯಾವ ಸೀಮೆಯಿಂದ ಎಂದು ಪತ್ತೆ ಮಾಡಿ, ಅದೇ ಸೀಮೆಯ ನಟರಿಂದ ಆ ಮಾತುಗಳನ್ನು ಹೇಳಿಸಿದರು. ನಮ್ಮಲ್ಲಿ ಧಾರವಾಡದವರ ಮಾತನ್ನು ಮಂಡ್ಯದವರಿಂದ ಹೇಳಿಸಿದರೆ ಹೇಗೆ ಕಿವಿಗೆ ಚುಚ್ಚುತ್ತದೋ ಅಲ್ಲೂ ಹಾಗೆಯೇ. ಈ ಎಚ್ಚರ ಶ್ಲಾಘ್ಯ. ಕಾಗದ ಹಿಡಿದು ಸೈನಿಕರಿಗೆ ಓದಿ ಹೇಳುವ ಅಧಿಕಾರಿಯೊಬ್ಬರ ದೃಶ್ಯವಿದೆ. ದಳ ಯಾವುದೆಂದು ಗುರುತಿಸಿ, ಅಂದು ಓದಿ ಹೇಳಿದ ಸಂದೇಶದ ಪಠ್ಯವನ್ನು ದಾಖಲೆಗಳಲ್ಲಿ ಹುಡುಕಿ, ತುಟಿಯ ಚಲನೆಗೆ ಅದನ್ನು ಕೂಡಿಸಿದರು. ಫಿರಂಗಿಗಳ ಆರ್ಭಟಕ್ಕಾಗಿ ನ್ಯೂಜಿಲೆಂಡ್ ಸೇನೆ ಅಸಲಿ ಗುಂಡು ಹಾರಿಸುವಾಗ ಮುದ್ರಿಸಿಕೊಂಡರು.

ಆದರೆ ಕೇಳುಗರು ಇಲ್ಲಿ ಕಿವಿ ನೆಟ್ಟಗೆ ಇಟ್ಟುಕೊಂಡಿರಬೇಕು. ಚಿತ್ರದಲ್ಲಿ ಮೂರು ಬಗೆಯ ದನಿಗಳು ಒಂದರೊಳಗೊಂದು ಬೆರೆತಿವೆ. ಯುದ್ಧ ಕಂಡ ಮುದುಕರ ಮಾತು, ಅದು ಅಸಲಿ, ಅರ್ಧ ಶತಮಾನದ ನಂತರದ್ದು. ತುಟಿ ಓದಿ ನಟರಿಂದ ಹೇಳಿಸಿದ್ದು, ಅದು ಊಹೆ, ಒಳ್ಳೆಯ ಊಹೆ. ಹಿನ್ನೆಲೆಯ ಗುಜುಗುಜು, ನಗು, ಕೂಗು, ಇದು ಇಂದಿನವರ ರಚನೆ. ಯಾವುದು ಯಾವುದು ಎಂದು ಪರದೆ ಹೇಳುವುದಿಲ್ಲ. ಸುಲಭದ ಗುರುತು ಒಂದಿದೆ: ಬಾಯಿಯ ಚಲನೆಗೆ ಮಾತು ಹೊಂದಿದರೆ ಅದು ನಟರ ದನಿ, ಹೊಂದದೆ ಮೇಲಿಂದ ಹರಿದು ಬಂದರೆ ಯೋಧರದ್ದು.

ಯೋಧರು ಹೇಳುವ ವಿಷಯಗಳಿಗೆ ಬಂದರೆ ಚಿತ್ರಕ್ಕೆ ಸಾಟಿಯಿಲ್ಲ. ಸೇನಾಪತಿಗಳ ತಂತ್ರ, ರಾಜರ ಒಪ್ಪಂದ ಇದ್ಯಾವುದೂ ಅವರ ಬಾಯಲ್ಲಿಲ್ಲ. ಸೇನೆಗೆ ಸೇರಲು 18, ಹೊರದೇಶಕ್ಕೆ ಕಳಿಸಲು 19 ವರ್ಷ ತುಂಬಿರಬೇಕಿತ್ತು. ಹದಿನೈದು, ಹದಿನಾರರ ಹುಡುಗರು ಸುಳ್ಳು ಹೇಳಿ ಸೇರಿದ್ದು, ನೋಂದಣಿಯ ಸಾರ್ಜೆಂಟು ಗೊತ್ತಿದ್ದೂ ಕಣ್ಣು ಮುಚ್ಚಿದ್ದು. ಒರಟು ಉಣ್ಣೆ ಬಟ್ಟೆ, ಕಾಲಿಗೆ ಹೊಂದದ ಬೂಟು. ಸೇಬು ಮತ್ತು ಪ್ಲಮ್ ಹಣ್ಣಿನ ಅದೇ ಜಾಮು ದಿನಾ. ವಿಕರ್ಸ್ ಮಷಿನ್ ಗನ್ನಿನ ನಳಿಕೆ ಕಾಯದಿರಲೆಂದು ಸುತ್ತ ನೀರು ತುಂಬಿರುತ್ತದೆ, ಹಿಡಿಯುವುದು ಸುಮಾರು 4 ಲೀಟರು. ಕೆಲವು ಪಟ್ಟಿ ಗುಂಡು ಹಾರಿಸಿ ಅದನ್ನು ಕುದಿಸಿಕೊಂಡು ಟೀ ಮಾಡಿದವರ ಮಾತಿದೆ. ಅಂಗಿಯ ಹೊಲಿಗೆಯಲ್ಲಿ ಕೂತ ಹೇನನ್ನು ಮೊಂಬತ್ತಿಯಿಂದ ಚಟಚಟ ಸುಡುವುದು, ಉದ್ದ ಮರದ ಗಳುವಿನ ಮೇಲೆ ಸಾಲಾಗಿ ಕೂತು ಶೌಚ, ನೀರಿನಲ್ಲಿ ನಿಂತು ನಿಂತು ಕೊಳೆತ ಪಾದ, ಇಲಿ. ಕೆಲವು ದೃಶ್ಯ ಊಟದ ಹೊತ್ತಿನಲ್ಲಿ ನೋಡುವಂಥದ್ದಲ್ಲ. ಬ್ರಿಟನ್ನಿನಲ್ಲಿ 15 ತುಂಬಿದವರಿಗೆ, ಅಮೆರಿಕದಲ್ಲಿ ಆರ್ ಎಂದು ಪ್ರಮಾಣಪತ್ರ ಕೊಟ್ಟಿರುವುದು ಸುಮ್ಮನೆ ಅಲ್ಲ.

ದಾಳಿಯ ಘಟ್ಟ ಬಂದಾಗ ಒಂದು ತೊಡಕು. ಹತ್ತಿರದ ಕಾಳಗವನ್ನು ಆಗ ಯಾರೂ ಚಿತ್ರಿಸಿಲ್ಲ, ಚಿತ್ರಿಸಲು ಆಗುತ್ತಲೂ ಇರಲಿಲ್ಲ: ಮುಕ್ಕಾಲಿಯ ಮೇಲೆ ನಿಲ್ಲಿಸಬೇಕಾದ ಭಾರದ ಪೆಟ್ಟಿಗೆ, ತಲೆಯೆತ್ತಿದವನಿಗೆ ಗುಂಡು. ಫ್ರಾನ್ಸಿನ ಸೋಮ್ ಕದನದ ಬಗ್ಗೆ 1916ರಲ್ಲಿ ಬಂದ ಬ್ರಿಟಿಷರ ಅಧಿಕೃತ ಚಿತ್ರ ‘ದಿ ಬ್ಯಾಟಲ್ ಆಫ್ ದಿ ಸೋಮ್’ನಲ್ಲಿ ಸೈನಿಕರು ಕಂದಕ ಹತ್ತಿ ಹೊರಡುವಾಗ ಇಬ್ಬರು ಉರುಳಿ ಬೀಳುವ ಪ್ರಸಿದ್ಧ ದೃಶ್ಯ ರಣರಂಗದ ಹಿಂದೆ, ತರಬೇತಿಯ ಜಾಗದಲ್ಲಿ ನಟಿಸಿದ್ದೆಂದು ಇತಿಹಾಸಕಾರರು ಒಪ್ಪುತ್ತಾರೆ. ಜಾಕ್ಸನ್ ಇಲ್ಲಿ ಆಯ್ದುಕೊಂಡದ್ದು ಯುದ್ಧಕಾಲದ ‘ದಿ ವಾರ್ ಇಲಸ್ಟ್ರೇಟೆಡ್’ ವಾರಪತ್ರಿಕೆಯ ರೇಖಾಚಿತ್ರಗಳನ್ನು. ಅವುಗಳ ನಡುವೆ ಆಗಷ್ಟೇ ಬಣ್ಣದಲ್ಲಿ ನಕ್ಕ ಮುಖಗಳನ್ನು, ಕೂಡಲೇ ಹೆಣಗಳನ್ನು ಜೋಡಿಸುತ್ತಾರೆ. ಪತ್ರಿಕೆಯ ಚಿತ್ರಗಳು ಮನೆಯಲ್ಲಿದ್ದವರಿಗಾಗಿ ಬರೆದ ವೀರಾವೇಶದ ಚಿತ್ರಗಳು. ಅವುಗಳ ಮೇಲೆ ಕೇಳುವ ಯೋಧರ ಮಾತು ಅದಕ್ಕೆ ತದ್ವಿರುದ್ಧ. ಚಿತ್ರ ಅತ್ಯಂತ ಪ್ರಾಮಾಣಿಕವಾಗಿರುವ ಹತ್ತು ನಿಮಿಷ ಬಹುಶಃ ಇದೇ, ಇಲ್ಲಿ ಕಂಪ್ಯೂಟರಿನ ಮಾಯೆ ಬಹಳ ಕಡಿಮೆ.

ಅದರ ಹಿಂದೆಯೇ ಒಂದು ಕಗ್ಗತ್ತಲೆಯ ವಾಸ್ತವವಿದೆ. ತಗ್ಗು ದಾರಿಯೊಂದರಲ್ಲಿ ಕೂತ ಲ್ಯಾಂಕಾಷೈರ್ ಫ್ಯೂಸಿಲಿಯರ್ಸ್ ದಳದ ಸೈನಿಕರು ಕ್ಯಾಮೆರಾ ಕಡೆ ನೋಡುವ ದೃಶ್ಯವನ್ನು ಅಧಿಕೃತ ಕ್ಯಾಮೆರಾಮನ್ ಜೆಫ್ರಿ ಮ್ಯಾಲಿನ್ಸ್ ತೆಗೆದದ್ದು 1916ರ ಜುಲೈ 1ರ ಬೆಳಗ್ಗೆ, ಬೋಮಾಂಟ್ ಹ್ಯಾಮೆಲ್ ಹತ್ತಿರ, ಸೋಮ್ ಕದನ ಶುರುವಾಗುವ ಹೊತ್ತಿನಲ್ಲಿ. ಆ ಒಂದೇ ದಿನ ಬ್ರಿಟಿಷ್ ಸೇನೆಯ ಸಾವುನೋವು 57,470, ಸತ್ತವರು 19,240. ಮೂಲ ವೇಗದಲ್ಲಿ ನೋಡಿದರೆ ಅವರು ಏನೂ ಮಾಡುತ್ತಿಲ್ಲ, ಕೂತಿದ್ದಾರೆ. ಒಬ್ಬ ದೃಷ್ಟಿ ಕೀಳುವುದೇ ಇಲ್ಲ. ವೇಗ ಸರಿಯಾಗದಿದ್ದರೆ ಈ ನೋಟ ಕಾಣುತ್ತಲೇ ಇರಲಿಲ್ಲ. ಈ ಒಂದು ಕಾರಣಕ್ಕೆ ಬಣ್ಣದ ಮೇಲಿನ ಮುನಿಸನ್ನು ಕಟ್ಟಿಡಬಹುದು.

ಇಸವಿ, ಜಾಗ ಕೊಡದಿರುವುದು ಬೇಕೆಂದೇ ಮಾಡಿದ ಆಯ್ಕೆ. ಒಬ್ಬ ಸಾಮಾನ್ಯ ಸೈನಿಕನ ಒಂದೇ ಕಥೆ ಎಂಬಂತೆ ಹೆಣೆಯಬೇಕಿತ್ತು. ಇದರಿಂದ ಆಗುವ ಹಾನಿ ಸಣ್ಣದಲ್ಲ. ಬ್ರಿಟಿಷ್ ಅಧಿಕೃತ ಕ್ಯಾಮೆರಾಮನ್‌ಗಳು ಫ್ರಾನ್ಸಿಗೆ ಹೋದದ್ದೇ 1915ರ ನವೆಂಬರಿನಲ್ಲಿ. ಹಾಗಾಗಿ 1914ರ ಅನುಭವ ಹೇಳುವ ದನಿಯ ಕೆಳಗೆ 1916ರ, 1917ರ ಚಿತ್ರ ಓಡುತ್ತಿರುತ್ತದೆ. ನೋಡುವವರೇ ಕಾಲ ಹಿಡಿಯಲು ಕೆಲವು ಗುರುತು: ತಲೆಯ ಮೇಲೆ ಬಟ್ಟೆಯ ಟೊಪ್ಪಿ ಮಾತ್ರ ಇದ್ದು ಜಾಗ ಮುಂಚೂಣಿಯ ಕಂದಕವಾಗಿದ್ದರೆ ಬಹುಮಟ್ಟಿಗೆ 1916ರ ಬೇಸಿಗೆಗೆ ಮೊದಲು, ಏಕೆಂದರೆ ತಟ್ಟೆಯಾಕಾರದ ಉಕ್ಕಿನ ಶಿರಸ್ತ್ರಾಣ 1915ರ ಕೊನೆಗೆ ಬರಲು ಶುರುವಾಗಿ 1916ರ ನಡುವಿನ ಹೊತ್ತಿಗೆ ಎಲ್ಲರಿಗೂ ಸಿಕ್ಕಿತು. ಹಿಂಬದಿಯ ಊರುಗಳಲ್ಲಿ ಟೊಪ್ಪಿ ಕೊನೆವರೆಗೂ ಇತ್ತು, ಅಲ್ಲಿ ಈ ಲೆಕ್ಕ ನಡೆಯದು. ವಿಷಾನಿಲಕ್ಕೆ ಇಡೀ ತಲೆ ಮುಚ್ಚುವ ಬಟ್ಟೆಚೀಲ ಇದ್ದರೆ 1915-16. ಎದೆಯ ಮೇಲೆ ಚೌಕ ಚೀಲ, ಅದರಿಂದ ಮುಖಕ್ಕೆ ಕೊಳವೆ ಇದ್ದರೆ 1916ರ ಕೊನೆಯ ಭಾಗ ಅಥವಾ ಆಮೇಲೆ. ಕಾಳಗದಲ್ಲಿ ಟ್ಯಾಂಕು ಕಂಡರೆ 1916ರ ಸೆಪ್ಟೆಂಬರ್ 15ಕ್ಕೆ ಮೊದಲಿನದಾಗಿರಲು ಸಾಧ್ಯವೇ ಇಲ್ಲ. ಅದರ ಹಿಂದೆ ಬಾಲದಂತೆ ಎರಡು ಚಕ್ರ ಜೋಡಿಸಿದ್ದರೆ ಅದು ಮೊದಲ ಮಾದರಿ. ಈ ನಾಲ್ಕು ಗುರುತು ಇಟ್ಟುಕೊಂಡು ನೋಡಿದರೆ ಒಂದೇ ನಿಮಿಷದಲ್ಲಿ ಎರಡು ವರ್ಷ ಹಿಂದೆ ಮುಂದೆ ಜಿಗಿಯುವ ಕಡೆಗಳು ಸಾಲು ಸಾಲಾಗಿ ಸಿಗುತ್ತವೆ.

ಭಾರತದ ಓದುಗರಿಗೆ ಎದ್ದು ಕಾಣುವ ಕೊರತೆ ಇನ್ನೊಂದು. ಕೇಳುವುದೆಲ್ಲ ಬ್ರಿಟಿಷ್ ಸೈನಿಕರ ದನಿ. ಅವಿಭಜಿತ ಭಾರತದಿಂದ ಈ ಯುದ್ಧಕ್ಕೆ ಹೋದವರು ಹತ್ತು ಲಕ್ಷಕ್ಕೂ ಮಿಕ್ಕು, ಸತ್ತವರು 74 ಸಾವಿರದ ಆಸುಪಾಸು. ಚಿತ್ರ ತನ್ನ ಬೇಲಿಯನ್ನು ಮೊದಲೇ ಹಾಕಿಕೊಂಡಿದೆ: ಪಶ್ಚಿಮ ರಣರಂಗ (ಫ್ರಾನ್ಸ್, ಬೆಲ್ಜಿಯಂ ಕಡೆಯದು), ಬ್ರಿಟಿಷ್ ಕಾಲಾಳು, ನೌಕಾಪಡೆಯೂ ಇಲ್ಲ, ವಿಮಾನವೂ ಇಲ್ಲ, ಮನೆಯಲ್ಲಿದ್ದ ಹೆಂಗಸರ ಕಥೆಯೂ ಇಲ್ಲವೆನ್ನುವಷ್ಟು. ಭಾರತೀಯರ ಗೈರುಹಾಜರಿಗೆ ಸಂಗ್ರಹದಲ್ಲೇ ಒಂದು ಕಾರಣವಿದೆ. ನ್ಯೂವ್ ಶಾಪೆಲ್‌ನಂಥ ಕಡೆ 1915ರಲ್ಲಿ ಕಾದಾಡಿದ ಭಾರತೀಯ ಕಾಲಾಳು ದಳಗಳನ್ನು ಆ ವರ್ಷದ ಕೊನೆಗೆ ಫ್ರಾನ್ಸಿನಿಂದ ಬೇರೆಡೆಗೆ ಕಳಿಸಿದರು. ಅಧಿಕೃತ ಕ್ಯಾಮೆರಾ ಬಂದು ಇಳಿದ ಹೊತ್ತಿಗೆ ಅವರು ಗಂಟುಮೂಟೆ ಕಟ್ಟುತ್ತಿದ್ದರು, ಉಳಿದದ್ದು ಅಶ್ವದಳ. ಅದಕ್ಕೂ ಮುಂಚೆ 1915ರಲ್ಲಿ ಗಿರ್ಡ್‌ವುಡ್ ಎಂಬ ಛಾಯಾಗ್ರಾಹಕ ಭಾರತೀಯ ಸೈನಿಕರನ್ನು ಚಿತ್ರಿಸಿದ್ದುಂಟು, ಅದರಲ್ಲಿ ಬಹಳಷ್ಟು ನಿಲ್ಲಿಸಿ ಮಾಡಿಸಿದ್ದು.

ಮೈಸೂರು ಸಂಸ್ಥಾನದ ಅಶ್ವದಳವಾದ ಮೈಸೂರು ಲ್ಯಾನ್ಸರ್ಸ್ ಇದರಲ್ಲಿ ಯಾಕಿಲ್ಲ ಎಂದು ಕೇಳುವವರಿಗೆ: ಅವರು ಪಶ್ಚಿಮ ರಣರಂಗಕ್ಕೆ ಹೋಗಲೇ ಇಲ್ಲ. ಈಜಿಪ್ಟಿನಲ್ಲಿ ಸೂಯೆಜ್ ಕಾಲುವೆ ಕಾದು, ಆಮೇಲೆ ಪ್ಯಾಲೆಸ್ಟೈನಿಗೆ ನಡೆದು, 1918ರ ಸೆಪ್ಟೆಂಬರ್ 23ರಂದು ಜೋಧಪುರದವರ ಜೊತೆ ಹೈಫಾ ಹಿಡಿದವರು. ಅವರ ಗೈರುಹಾಜರಿಗೆ ಈ ಚಿತ್ರವನ್ನು ದೂರುವುದು ನ್ಯಾಯವಲ್ಲ. ದೂರಬೇಕಾದದ್ದು ದನಿಯ ಆಯ್ಕೆಯನ್ನು. ಜರ್ಮನಿಯ ವುನ್ಸ್‌ಡೋರ್ಫ್ ಸೆರೆಶಿಬಿರದಲ್ಲಿದ್ದ ಭಾರತೀಯ ಕೈದಿಗಳ ದನಿಯನ್ನು ಯುದ್ಧ ನಡೆಯುತ್ತಿದ್ದಾಗಲೇ ಜರ್ಮನ್ ಭಾಷಾಶಾಸ್ತ್ರಜ್ಞರು ಗ್ರಾಮಫೋನ್ ತಟ್ಟೆಗಳಿಗೆ ಮುದ್ರಿಸಿದ್ದರು. ಬರ್ಲಿನ್ನಿನ ಹುಂಬೋಲ್ಟ್ ವಿಶ್ವವಿದ್ಯಾಲಯದ ಸಂಗ್ರಹದಲ್ಲಿ ಅವು ಇಂದಿಗೂ ಇವೆ. 1916ರ ಡಿಸೆಂಬರಿನಲ್ಲಿ ಮಾಲ್ ಸಿಂಗ್ ಎಂಬ ಸೈನಿಕ ಅಲ್ಲಿ ಮನೆಯ ಬೆಣ್ಣೆಯನ್ನು ನೆನೆದು ಮಾತನಾಡಿದ್ದು ಐವತ್ತು ವರ್ಷದ ನಂತರದ ನೆನಪಲ್ಲ, ಅಂದಿನ ಹಂಬಲ. ಅಂಥ ದನಿ ಇಲ್ಲಿರುವ ಎಷ್ಟೋ ದನಿಗಿಂತ ರೀಲಿಗೆ ಹತ್ತಿರ.

ಶಾಂತಿಯ ಭಾಗ ಚಿಕ್ಕದು, ಆದರೆ ಚೊಕ್ಕ. ನವೆಂಬರ್ 11ರ ಬೆಳಗ್ಗೆ 11ಕ್ಕೆ ಗುಂಡು ನಿಂತಾಗ ಯಾರೂ ಕುಣಿಯಲಿಲ್ಲ. ಕಿವಿಗೆ ಒಗ್ಗದ ಮೌನ, ನಾಳೆಯಿಂದ ಏನು ಕೆಲಸ ಎಂಬ ದಿಗಿಲು. ಮುಂದಿನ ವರ್ಷದ ವರ್ಸೇಲ್ಸ್ ಒಪ್ಪಂದದ ಮಾತು ಚಿತ್ರ ಎತ್ತುವುದಿಲ್ಲ. ಸೈನಿಕರು ಮನೆಗೆ ಬಂದಾಗ ಪರದೆ ಮತ್ತೆ ಸಣ್ಣ ಚೌಕ, ಮತ್ತೆ ಕಪ್ಪುಬಿಳುಪು. ಕೆಲಸವಿಲ್ಲ, ಕೇಳುವವರಿಲ್ಲ. ಒಬ್ಬರು ತಾವು ಮುಂಚೆ ದುಡಿಯುತ್ತಿದ್ದ ಅಂಗಡಿಗೆ ಮರಳಿದಾಗ ಸಹೋದ್ಯೋಗಿ ಕೇಳಿದ್ದು, ಇಷ್ಟು ದಿನ ಎಲ್ಲಿದ್ದೆ, ರಾತ್ರಿ ಪಾಳಿಯಾ ಎಂದು.

ನೋಡುವ ವಿಧಾನಕ್ಕೆ ಬರೋಣ. ಇಲ್ಲಿ ಎಡವಿದರೆ ಅರ್ಧ ಚಿತ್ರ ಹಾಳು. ಇಂದಿನ ಟಿವಿಗಳಲ್ಲಿ ಚಲನೆಯನ್ನು ನಯಗೊಳಿಸುವ ಒಂದು ಸೌಲಭ್ಯ ಕಂಪನಿಯವರೇ ಆನ್ ಮಾಡಿ ಕೊಟ್ಟಿರುತ್ತಾರೆ. ಎಲ್‌ಜಿಯಲ್ಲಿ ಟ್ರೂಮೋಷನ್, ಸೋನಿಯಲ್ಲಿ ಮೋಷನ್‌ಫ್ಲೋ, ಸ್ಯಾಮ್‌ಸಂಗ್‌ನ ಹಳೆಯ ಸೆಟ್‌ಗಳಲ್ಲಿ ಆಟೊ ಮೋಷನ್ ಪ್ಲಸ್. ಚಿತ್ರದಲ್ಲಿ ಆಗಲೇ ಅರ್ಧ ಫ್ರೇಮು ಕಂಪ್ಯೂಟರಿನದು. ಟಿವಿ ಅವುಗಳ ನಡುವೆ ಮತ್ತೆ ತನ್ನದನ್ನು ತುರುಕಿದರೆ ರಬ್ಬರಿನ ದೋಷ ಇಮ್ಮಡಿಯಾಗುತ್ತದೆ. ಪೂರ್ತಿ ಆಫ್ ಮಾಡಿ. ಚಿತ್ರದ ಮೋಡ್ ‘ಸಿನಿಮಾ’ ಅಥವಾ ‘ಫಿಲ್ಮ್‌ಮೇಕರ್’. ‘ವಿವಿಡ್’ ಇದ್ದರೆ ಗುಲಾಬಿ ಕೆನ್ನೆ ಕುಂಕುಮವಾಗುತ್ತದೆ. ಶಾರ್ಪ್‌ನೆಸ್ ಸೊನ್ನೆಯ ಹತ್ತಿರ ಇಳಿಸಿ. ಮೊದಲ 25 ನಿಮಿಷ ಸಣ್ಣ ಚೌಕ ಕಂಡು ಏನೋ ಕೆಟ್ಟಿದೆಯೆಂದು ಝೂಮ್ ಒತ್ತಬೇಡಿ. ಚೌಕ ಅಗಲವಾಗುವ ಕ್ಷಣವೇ ಕೈತಪ್ಪುತ್ತದೆ, ಮುಂದೆ ತಲೆಗಳೂ ಕತ್ತರಿಸುತ್ತವೆ.

ಸಬ್‌ಟೈಟಲ್ ಹಾಕಿಕೊಳ್ಳಿ, ಇಂಗ್ಲಿಷಿನಲ್ಲಿ ಎಷ್ಟೇ ಪಳಗಿದ್ದರೂ. ಲ್ಯಾಂಕಾಷೈರ್, ಸ್ಕಾಟ್ಲೆಂಡ್, ಲಂಡನ್ನಿನ ಪೂರ್ವಭಾಗದ ಮುದುಕರ ಮಾತು ಬಡಬಡನೆ ಬಂದು ಒಬ್ಬರು ಮುಗಿಸುವಷ್ಟರಲ್ಲಿ ಇನ್ನೊಬ್ಬರು ಶುರುಮಾಡುತ್ತಾರೆ. ಬೆಲೆ ಏನೆಂದರೆ ಅಕ್ಷರ ಪರದೆಯ ಕೆಳಭಾಗ ನುಂಗುತ್ತದೆ, ಮೊದಲೇ ಕತ್ತರಿಸಿದ ಚೌಕಟ್ಟು. ಹಾಗಾಗಿ ಎರಡು ಸಲ ನೋಡಬೇಕಾದ ಚಿತ್ರ: ಒಮ್ಮೆ ಮಾತಿಗೆ, ಒಮ್ಮೆ ಕಣ್ಣಿಗೆ. ಎರಡನೇ ಸಲ ದನಿಯನ್ನು ಪೂರ್ತಿ ಮುಚ್ಚಿ ಹತ್ತು ನಿಮಿಷ ನೋಡಿದರೆ ಸದ್ದು ನಮ್ಮನ್ನು ಎಷ್ಟು ನಂಬಿಸಿತ್ತೆಂದು ತಿಳಿಯುತ್ತದೆ.

ಕೊಳ್ಳುವ ಯೋಚನೆ ಇದ್ದರೆ ಬ್ಲೂ-ರೇ ಡಿಸ್ಕ್ ಕೊಳ್ಳುವುದು ಲೇಸು. ಹೊಗೆ, ಕೆಸರು, ಮಳೆ, ಸ್ಟ್ರೀಮಿಂಗಿನ ಸಂಕುಚನಕ್ಕೆ ಮೊದಲು ಬಲಿಯಾಗುವ ಮೂರು ವಸ್ತುಗಳು, ಈ ಚಿತ್ರದಲ್ಲಿ ಬೇರೇನಿದೆ? ಡಿಸ್ಕಿನಲ್ಲಿ ಸುಮಾರು ಅರ್ಧ ಗಂಟೆಯ ‘ಹೀಗೆ ಮಾಡಿದೆವು’ ಭಾಗವಿದೆ. ಅದನ್ನು ಹೆಚ್ಚುವರಿ ಎಂದು ಬಿಡಬೇಡಿ. ಮುಖ್ಯ ಚಿತ್ರ ಮುಚ್ಚಿಟ್ಟ ಸಂಗತಿಗಳನ್ನೆಲ್ಲ, ಯಾವ ರೀಲು, ಎಷ್ಟು ವೇಗ, ಯಾವ ಜಾಗ, ಜಾಕ್ಸನ್ ಅಲ್ಲಿ ಬಾಯಿಬಿಟ್ಟು ಹೇಳುತ್ತಾರೆ. ಇಸವಿ, ಊರು ಬೇಕೆನ್ನುವ ಇತಿಹಾಸದ ವಿದ್ಯಾರ್ಥಿಗೆ ಮೊದಲು ಅದು, ಆಮೇಲೆ ಚಿತ್ರ.

ತರಗತಿಯಲ್ಲಿ ತೋರಿಸುವ ಮೇಷ್ಟ್ರುಗಳಿಗೆ: 99 ನಿಮಿಷ ಪೂರ್ತಿ ಬೇಡ, ಪಿಯುಸಿಗಿಂತ ಕೆಳಗಿನವರಿಗಂತೂ ಬೇಡವೇ ಬೇಡ. 20ನೇ ನಿಮಿಷದಿಂದ 35ರವರೆಗೆ ತೋರಿಸಿದರೆ ಚೌಕ ಅಗಲವಾಗುವುದೂ ಸಿಗುತ್ತದೆ, ಹೆಣಗಳ ದೃಶ್ಯ ಹೆಚ್ಚೇನೂ ಬರುವುದಿಲ್ಲ; ಆದರೂ ನೀವು ಮುಂಚೆ ಒಮ್ಮೆ ನೋಡಿಟ್ಟುಕೊಳ್ಳಿ. ಅದರ ಬೆನ್ನಿಗೆ 1916ರ ಮೂಲ ಸೋಮ್ ಚಿತ್ರದ ಐದು ನಿಮಿಷ, ಬಣ್ಣವಿಲ್ಲದೆ, 4ಕ್ಕೆ 3ರ ಚೌಕಟ್ಟಿನಲ್ಲಿ. ಅದು ಬಿಡುಗಡೆಯಾದ ಆರು ವಾರದಲ್ಲಿ ಬ್ರಿಟನ್ನಿನಲ್ಲಿ ಸುಮಾರು 2 ಕೋಟಿ ಟಿಕೆಟ್ ಮಾರಿತ್ತು. ಕದನ ಆಗಿನ್ನೂ ಮುಗಿದಿರಲಿಲ್ಲ, ತಮ್ಮ ಮಗನೋ ಗಂಡನೋ ಕಂಡಾನೆಂದು ಹೋದವರೂ ಇದ್ದರು. ಎರಡನ್ನೂ ನೋಡಿದ ಮಕ್ಕಳಿಗೆ ಹೆಜ್ಜೆ ಎಣಿಸಲು ಹೇಳಿ.

ಕೊನೆಯಲ್ಲಿ ಹೆಸರುಗಳು ಓಡುವಾಗ ಎದ್ದು ಹೋಗಬೇಡಿ, ಮುಂದಿನ ಕಾರ್ಯಕ್ರಮ ತಾನಾಗಿ ಶುರುವಾಗುವ ಆಟೊಪ್ಲೇ ಇದ್ದರೆ ಮೊದಲೇ ಆಫ್ ಮಾಡಿಡಿ. ಮಾತನಾಡಿದ ಯೋಧರ ಹೆಸರು ಕಾಣುವುದು ಅಲ್ಲಿ ಮಾತ್ರ. ಹಿನ್ನೆಲೆಯಲ್ಲಿ ‘ಮದ್ಮಸೆಲ್ ಫ್ರಮ್ ಆರ್ಮೆಂಟಿಯರ್ಸ್’ ಎಂಬ ಪೋಲಿ ಹಾಡು ಚರಣದ ಮೇಲೆ ಚರಣವಾಗಿ ಸಾಗುತ್ತದೆ. ಹಾಡಿದವರು ವೃತ್ತಿಗಾಯಕರಲ್ಲ. ಅಸಲಿ ಬ್ರಿಟಿಷ್ ಉಚ್ಚಾರದ ಗಂಡುದನಿ ಬೇಕಾದಾಗ ವೆಲ್ಲಿಂಗ್ಟನ್ನಿನ ಬ್ರಿಟಿಷ್ ಹೈಕಮಿಷನ್ ಕಚೇರಿಯ ನೌಕರರನ್ನು ಕರೆತಂದು ಹಾಡಿಸಿದ್ದು.